ಯಾರೂ ಹೇಳದೆ ಮಾಡಿದ ಶಿಲ್ಪ: ವಿಂಚೆಂಜೊ ವೇಲಾ

ನಮಸ್ಕಾರ. ಇದು ಲಿಗೊರ್ನೆಟ್ಟೊ. ಸ್ವಿಟ್ಜರ್ಲೆಂಡಿನ ದಕ್ಷಿಣದ ತುದಿ, ಇಟಾಲಿಯನ್ ಮಾತನಾಡುವ ತಿಚಿನೊ ಪ್ರಾಂತ್ಯ. ಎದುರಿಗೆ ಕಾಣುವ ದೊಡ್ಡ ಮನೆ ಶಿಲ್ಪಿ ವಿಂಚೆಂಜೊ ವೇಲಾ ಅವರು ಕಟ್ಟಿಸಿದ್ದು. ಈಗ ಇದು ವಸ್ತುಸಂಗ್ರಹಾಲಯ.

ವೇಲಾ 1820ರಲ್ಲಿ ಇದೇ ಊರಿನ ಬಡ ಕುಟುಂಬದಲ್ಲಿ ಹುಟ್ಟಿದರು. ಆಡುವ ವಯಸ್ಸಿನಲ್ಲೇ ಕಲ್ಲುಗಣಿಯ ದುಡಿಮೆಗೆ ಹೋದರು. ಅಣ್ಣ ಲೊರೆಂಜೊ ಮಿಲಾನಿನಲ್ಲಿ ಶಿಲ್ಪಿಯಾಗಿದ್ದರು. ತಮ್ಮನೂ ಅಲ್ಲಿಗೆ ಹೋಗಿ ಮಹಾ ಚರ್ಚಿನ ಕಲ್ಲುಕೆತ್ತನೆಗೆ ಸೇರಿ, ಬ್ರೆರಾ ಕಲಾಶಾಲೆಯಲ್ಲಿ ಕಲಿತರು. ಆಗ ಮಿಲಾನ್ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. 1848ರಲ್ಲಿ ಜನ ಅದರ ವಿರುದ್ಧ ದಂಗೆ ಎದ್ದಾಗ ವೇಲಾ ಉಳಿ ಕೆಳಗಿಟ್ಟು ಸ್ವಯಂಸೇವಕರಾಗಿ ಹೋರಾಟಕ್ಕೆ ಇಳಿದರು.

ಈಗ ತೆರೆಯ ಮೇಲಿರುವುದು ಅವರ ಸ್ಪಾರ್ಟಕಸ್. ಪ್ರಾಚೀನ ರೋಮಿನ ಗುಲಾಮರ ದಂಗೆಯ ನಾಯಕ ಸಂಕೋಲೆ ಹರಿದುಕೊಂಡು, ಕಠಾರಿ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದಾನೆ. ಇದು ಯಾರ ವಿರುದ್ಧದ ಸಿಟ್ಟು ಎಂದು ಮಿಲಾನಿನ ಜನರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬ್ರೆರಾ ಕೊಟ್ಟ ಗೌರವ ಸದಸ್ಯತ್ವವನ್ನು ವೇಲಾ ತಿರಸ್ಕರಿಸಿದರು, ಆಸ್ಟ್ರಿಯಾದವರು ಅವರನ್ನು ಊರು ಬಿಡಿಸಿದರು. ಮುಂದೆ ಟ್ಯೂರಿನ್‌ನಲ್ಲಿ ಕಲಾಶಾಲೆಯ ಅಧ್ಯಾಪಕರಾಗಿ ಹಲವು ವರ್ಷ ನೆಲೆಸಿದರು.

ಕೀರ್ತಿ ತಂದದ್ದು ನೆಪೋಲಿಯನ್ನನ ಕೊನೆಯ ದಿನಗಳ ಅಮೃತಶಿಲೆಯ ಮೂರ್ತಿ. ಕುರ್ಚಿಯಲ್ಲಿ ಕುಸಿದು ಕುಳಿತ ರೋಗಿ, ತೊಡೆಯ ಮೇಲೆ ಯುರೋಪಿನ ನಕ್ಷೆ. 1867ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಅದರ ಮುಂದೆ ಜನ ಮುತ್ತಿಕೊಂಡರು. ಆಗಿನ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ಅದನ್ನು ಕೊಂಡುಕೊಂಡ. ಒಳ್ಳೆಯ ಕೆಲಸ, ನಿಜ. ಆದರೆ ನನ್ನನ್ನು ಈ ಊರಿಗೆ ಕರೆತಂದದ್ದು ಮುಂದಿನ ಗೋಡೆಯ ಮೇಲಿರುವ ಉಬ್ಬುಶಿಲ್ಪ.

ಇದರ ಹೆಸರು ‘ದುಡಿಮೆಯ ಬಲಿಗಳು’, 1882ರದು. ಆಲ್ಪ್ಸ್ ಪರ್ವತವನ್ನು ಕೊರೆದು ಗೊಟ್ಹಾರ್ಡ್ ರೈಲು ಸುರಂಗ ಮಾಡಿದ ಕಾಲ. ಉದ್ದ ಸುಮಾರು 15 ಕಿಲೋಮೀಟರ್, ಕೆಲಸ ಹತ್ತು ವರ್ಷ. ಅಗೆದವರಲ್ಲಿ ಬಹುಪಾಲು ಇಟಲಿಯಿಂದ ಬಂದ ಬಡವರು. ಒಳಗೆ ಡೈನಮೈಟಿನ ಹೊಗೆ, ಸೆಖೆ, ನುಗ್ಗಿ ಬರುವ ನೀರು, ಕಳಚಿ ಬೀಳುವ ಬಂಡೆ. ಕೊಳಕಿನಿಂದ ಹರಡಿದ ಕೊಕ್ಕೆಹುಳು ರಕ್ತಹೀರಿ ಗಟ್ಟಿ ಆಳುಗಳನ್ನೂ ಮಲಗಿಸಿತು. 1875ರಲ್ಲಿ ಸುರಂಗದ ಉತ್ತರದ ಬಾಯಿಯ ಗೋಷೆನೆನ್‌ನಲ್ಲಿ ಮುಷ್ಕರ ಹೂಡಿದವರ ಮೇಲೆ ಗುಂಡು ಹಾರಿ ನಾಲ್ವರು ಸತ್ತರು. ಅಪಘಾತಗಳಲ್ಲಿ ಸತ್ತವರು ಸುಮಾರು 200.

ಸುರಂಗದ ಉದ್ಘಾಟನೆಯ ಸಂಭ್ರಮದಲ್ಲಿ ಎಂಜಿನಿಯರರಿಗೂ ಮಂತ್ರಿಗಳಿಗೂ ಸನ್ಮಾನ ಸಿಕ್ಕಿತು. ವೇಲಾ ಸತ್ತ ಕೂಲಿಯಾಳನ್ನು ಆರಿಸಿಕೊಂಡರು. ಯಾರೂ ಹಣ ಕೊಟ್ಟು ಕೇಳಿದ್ದಲ್ಲ. ನೋಡಿ, ಜೊತೆಗಾರರು ಡೋಲಿಯ ಮೇಲೆ ಶವ ಹೊತ್ತು ಸುರಂಗದಿಂದ ಹೊರಗೆ ಬರುತ್ತಿದ್ದಾರೆ. ಅಳುವಿನ ಆಡಂಬರವಿಲ್ಲ, ಭಾರಕ್ಕೆ ಬಾಗಿದ ಬೆನ್ನುಗಳಿವೆ. ಗಣಿಯಲ್ಲಿ ಬಾಲ್ಯ ಕಳೆದವನಿಗೆ ಮಾತ್ರ ಗೊತ್ತಿರುವ ಬೆನ್ನು ಅದು. ನನ್ನ ಮಟ್ಟಿಗೆ ಇದು ನೆಪೋಲಿಯನ್ನನಿಗಿಂತ ದೊಡ್ಡ ಕೃತಿ.

ಮೂಲ ಇರುವುದು ಪ್ಲಾಸ್ಟರಿನಲ್ಲಿ. ವೇಲಾ ಬದುಕಿದ್ದಾಗ ಇದನ್ನು ಸ್ವಿಟ್ಜರ್ಲೆಂಡಿನಲ್ಲಿ ಸ್ಮಾರಕವಾಗಿ ನಿಲ್ಲಿಸಲಿಲ್ಲ. ಅವರು 1891ರಲ್ಲಿ ತೀರಿಕೊಂಡರು. ಕಲಾವಿದನಾಗಿದ್ದ ಮಗ ಸ್ಪಾರ್ಟಕೊ (ಹೆಸರನ್ನು ಗಮನಿಸಿ!) ಮನೆಯನ್ನೂ ಶಿಲ್ಪಗಳನ್ನೂ ದೇಶಕ್ಕೆ ಬರೆದುಕೊಟ್ಟ. ಕಂಚಿನ ಪ್ರತಿ 1932ರಲ್ಲಿ, ಸುರಂಗಕ್ಕೆ ಐವತ್ತು ತುಂಬಿದಾಗ, ಅದರ ದಕ್ಷಿಣದ ಬಾಯಿಯ ಐರೋಲೊ ನಿಲ್ದಾಣದ ಬಳಿ ನಿಂತಿತು. ಇಲ್ಲಿಂದ ನಾವು ಉತ್ತರಕ್ಕೆ ಹೋಗುವ ರೈಲು ಹಿಡಿದು ಐರೋಲೊದಲ್ಲಿ ಇಳಿದು ಅದನ್ನು ನೋಡೋಣ.