ಹಿಂಬರಹವನ್ನು ಓದುವುದು

(ಬಡಾವಣೆ ನಿವಾಸಿಗಳ ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸ)

‘ಸದರಿ ವಿಷಯವು ಪರಿಶೀಲನೆಯಲ್ಲಿದ್ದು, ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದೆಂದು ಈ ಮೂಲಕ ತಿಳಿಯಪಡಿಸಿದೆ.’

ಬಡಾವಣೆಯ ಹಿರಿಯರೇ, ತಾಯಂದಿರೇ, ಈ ವಾಕ್ಯವನ್ನು ನಿಮ್ಮಲ್ಲಿ ಅನೇಕರು ಓದಿದ್ದೀರಿ. ನಾನು ಇದನ್ನು ಬರೆದವನು. ಒಂದು ನಗರಸಭೆಯಲ್ಲಿ ಕಡತಗಳನ್ನು ನೋಡಿಕೊಳ್ಳುವ ವಿಷಯ ನಿರ್ವಾಹಕನಾಗಿ ಕೆಲಸ ಮಾಡಿದ ವರ್ಷಗಳಲ್ಲಿ ಈ ಹಿಂಬರಹಕ್ಕೆ, ಅಂದರೆ ಅರ್ಜಿಗೆ ಕಚೇರಿ ಬರೆಯುವ ಉತ್ತರಕ್ಕೆ, ಎಷ್ಟು ಸಲ ಕ್ರಮಸಂಖ್ಯೆ ಹಾಕಿ ಟಪಾಲಿಗೆ ಕಳಿಸಿದ್ದೇನೋ ಲೆಕ್ಕವಿಲ್ಲ. ಹಾಗೆ ಕಳಿಸಿದ್ದರಲ್ಲಿ ಒಂದು ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಒಂದು ಬಡಾವಣೆಯ ಪಾರ್ಕಿನ ಮೂಲೆಯಲ್ಲಿ ಕಸ ವಿಂಗಡಣೆಯ ಶೆಡ್ ಕಟ್ಟುವ ಪ್ರಸ್ತಾವವಿತ್ತು. ಬೇಡವೆಂದು ನಿವಾಸಿಗಳು ಮನವಿ ಕೊಟ್ಟರು. ಶಾಲೆಯ ನೋಟ್‌ಬುಕ್ಕಿನಿಂದ ಕಿತ್ತ ಮೂರು ಗೆರೆಹಾಳೆಗಳ ತುಂಬ ಸಹಿಗಳು. ಕೊನೆಯಲ್ಲಿ ಒಂದು ಎಡಗೈ ಹೆಬ್ಬೆಟ್ಟಿನ ಗುರುತು, ಅದರ ಪಕ್ಕದಲ್ಲಿ ಬೇರೆ ಯಾರದೋ ಅಕ್ಷರದಲ್ಲಿ ‘ಹೂ ಮಾರುವವರು, ಗೇಟಿನ ಬಳಿ’ ಎಂದು ಬರೆದಿತ್ತು. ಆ ಹಾಳೆಯ ಅಂಚಿಗೆ ಅರಿಸಿನ ಮೆತ್ತಿತ್ತು. ಪಾರ್ಕು ನನ್ನ ಕಚೇರಿಯಿಂದ ಹತ್ತು ನಿಮಿಷದ ನಡಿಗೆಯಷ್ಟು ದೂರ. ನಾನು ಹೋಗಿ ನೋಡಲಿಲ್ಲ. ಟಿಪ್ಪಣಿ ಹಾಳೆಯಲ್ಲಿ ಎರಡು ಸಾಲು ಗೀಚಿ, ಮೇಲೆ ಹೇಳಿದ ವಾಕ್ಯವನ್ನೇ ಕಳಿಸಿ ಕಡತವನ್ನು ಮುಚ್ಚಿದೆ. ಶೆಡ್ ಎದ್ದ ಮೇಲೆ ಒಂದು ದಿನ ಆ ದಾರಿಯಲ್ಲಿ ಹೋದಾಗ, ಗೇಟಿನ ಬಳಿಯ ಹೊಂಗೆ ಮರದ ಬುಡ ಮಾತ್ರ ಉಳಿದಿತ್ತು. ಹೂವಿನ ಬುಟ್ಟಿ ಇರಲಿಲ್ಲ.

ಅಂದು ನಾನು ಬರೆದದ್ದು ಉತ್ತರವೇ ಅಲ್ಲ ಎಂದು ತಿಳಿಯಲು ನನಗೆ ಅಷ್ಟು ಕಾಲ ಬೇಕಾಯಿತು. ಜಾಗ ಯಾವುದು, ಬಡಾವಣೆಯ ನಕ್ಷೆಯಲ್ಲಿ ಅದನ್ನು ಯಾವುದಕ್ಕೆ ಕಾಯ್ದಿರಿಸಿದೆ, ಬದಲಾಯಿಸಲು ಯಾರು ಆದೇಶ ಕೊಟ್ಟರು, ಜನರ ಆಕ್ಷೇಪಣೆಯನ್ನು ಯಾವ ಕಾರಣಕ್ಕೆ ಒಪ್ಪಲಿಲ್ಲ ಎಂಬ ನಾಲ್ಕರಲ್ಲಿ ಒಂದನ್ನೂ ಅದು ಹೇಳುತ್ತಿರಲಿಲ್ಲ. ಕಾರಣ ಹೇಳುವುದು ಕಚೇರಿಯವರು ತೋರಿಸುವ ಔದಾರ್ಯವಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ಒದಗಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯವೆಂದೇ ಹೇಳುತ್ತದೆ. ಮಾಹಿತಿ ಹಕ್ಕೆಂದರೆ ಹತ್ತು ರೂಪಾಯಿಯ ಅರ್ಜಿ, 30 ದಿನದ ಗಡುವು ಎಂದಷ್ಟೇ ನಾವು ತಿಳಿದುಕೊಂಡಿದ್ದೇವೆ. ಕಾರಣ ಕೊಡಬೇಕೆಂಬ ಈ ಮಾತು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಬೆಂಗಳೂರಿನ ಸದಾಶಿವನಗರದ ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ರಾಜಮಹಲ್ ವಿಲಾಸ್ ವಿಸ್ತರಣೆಯ ಯೋಜನೆಯಲ್ಲಿ ಒಂದು ತಗ್ಗಿನ ಜಾಗವನ್ನು ಸಾರ್ವಜನಿಕ ಉದ್ಯಾನಕ್ಕೆಂದು ಕಾಯ್ದಿರಿಸಿದ್ದರು. ದಾಖಲೆಯಲ್ಲಿ ಅದರ ಹೆಸರೇ ‘ಲೋ ಲೆವೆಲ್ ಪಾರ್ಕ್’. 1976ರಲ್ಲಿ ಮುಖ್ಯಮಂತ್ರಿಯವರ ಆದೇಶದ ಮೇರೆಗೆ ಆ ಜಾಗವನ್ನು ನರ್ಸಿಂಗ್ ಹೋಮ್ ಕಟ್ಟಲೆಂದು ಒಂದು ಖಾಸಗಿ ಟ್ರಸ್ಟಿಗೆ ಕೊಡುವುದೆಂದು ತೀರ್ಮಾನವಾಯಿತು. ಅಭಿವೃದ್ಧಿ ಪ್ರಾಧಿಕಾರವೂ ಒಪ್ಪಿತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠ ಅವರ ಅರ್ಜಿಯನ್ನು ತಳ್ಳಿಹಾಕಿತು, ಮೇಲ್ಮನವಿಯಲ್ಲಿ ವಿಭಾಗೀಯ ಪೀಠ ಅದನ್ನು ಬದಲಿಸಿ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಟ್ರಸ್ಟು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಅಲ್ಲಿ ನಡೆದ ವಾದ ನಮ್ಮ ಊರುಗಳಲ್ಲಿ ಇಂದಿಗೂ ಕೇಳಿಬರುವಂಥದ್ದೇ. ಆಸ್ಪತ್ರೆ ಜನರಿಗೆ ಬೇಡವೇ? ಪಾರ್ಕಿಗಿಂತ ಅದರಿಂದ ಹೆಚ್ಚು ಉಪಯೋಗವಲ್ಲವೇ? ಅಷ್ಟಕ್ಕೂ ಇದನ್ನು ಪ್ರಶ್ನಿಸಲು ಅಕ್ಕಪಕ್ಕದ ಮನೆಯವರು ಯಾರು? 1991ರ ಜುಲೈನಲ್ಲಿ ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮೆನ್ ಮತ್ತು ಆರ್.ಎಂ. ಸಹಾಯ್ ಅವರ ಪೀಠ ಟ್ರಸ್ಟಿನ ಮೇಲ್ಮನವಿಯನ್ನು ವಜಾ ಮಾಡಿತು. ಉದ್ಯಾನ ಕಳೆದುಕೊಂಡರೆ ನೇರವಾಗಿ ನಷ್ಟ ಅನುಭವಿಸುವವರು ಆ ಬಡಾವಣೆಯ ನಿವಾಸಿಗಳೇ, ಹಾಗಾಗಿ ಪ್ರಶ್ನಿಸುವ ಅಧಿಕಾರ ಅವರಿಗಿದೆ. ಸಾರ್ವಜನಿಕ ಉದ್ಯಾನವನ್ನು ಖಾಸಗಿ ನರ್ಸಿಂಗ್ ಹೋಮಾಗಿ ಮಾರ್ಪಡಿಸುವುದು ಯೋಜನೆಯ ಉದ್ದೇಶಕ್ಕೇ ವಿರುದ್ಧ. ಒಂದು ಕಾಲಕ್ಕೆ ಒಳ್ಳೆಯ ಗಾಳಿ, ಚೆಂದದ ಪರಿಸರ ಸಿರಿವಂತರ ಪಾಲಾಗಿತ್ತು, ಈಗ ಉದ್ಯಾನವೆಂದರೆ ಜನರು ತಮಗೆ ತಾವೇ ಕೊಟ್ಟುಕೊಂಡ ಉಡುಗೊರೆ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ನಾನು ಅದನ್ನು ಓದಿದ್ದು ನಿವೃತ್ತಿಯಾದ ಮೇಲೆ. ಓದಿದಾಗ ನೆನಪಾದದ್ದು ಆ ಅರಿಸಿನ ಮೆತ್ತಿದ ಹಾಳೆ.

ಆ ನಿವಾಸಿಗಳು ಗೆದ್ದದ್ದು ಮರಗಿಡಗಳ ಮೇಲಿನ ಪ್ರೀತಿಯನ್ನು ಬಣ್ಣಿಸಿ ಅಲ್ಲ. ನಕ್ಷೆಯಲ್ಲಿ ಹೀಗಿದೆ, ನೀವು ಹೀಗೆ ಮಾಡಿದ್ದೀರಿ, ಯಾವ ಅಧಿಕಾರದಿಂದ ಎಂದು ಕೇಳಿ ಗೆದ್ದರು. ನಮ್ಮ ಮನವಿಗಳು ಸೋಲುವುದು ಇಲ್ಲಿಯೇ. ‘ಪಾರ್ಕನ್ನು ಉಳಿಸಿ ಅಭಿವೃದ್ಧಿಪಡಿಸಬೇಕಾಗಿ ವಿನಂತಿ’ ಎಂದು ಬರೆದರೆ ‘ಪರಿಶೀಲಿಸಲಾಗುವುದು’ ಎಂದೇ ಹಿಂಬರಹ ಬರುತ್ತದೆ, ಏಕೆಂದರೆ ಅದರಲ್ಲಿ ಉತ್ತರಿಸಬೇಕಾದ ಪ್ರಶ್ನೆಯೇ ಇಲ್ಲ. ಅದರ ಬದಲು ಹೀಗೆ ಕೇಳಿ: 1985ರ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ಸಿದ್ಧಪಡಿಸಬೇಕಾದ ಪಟ್ಟಿಯಲ್ಲಿ ಈ ಜಾಗ ಇದೆಯೇ? ಇದ್ದರೆ ಎಷ್ಟನೇ ಕ್ರಮಸಂಖ್ಯೆ? ಇಲ್ಲದಿದ್ದರೆ ಏಕಿಲ್ಲ? ಇದಕ್ಕೆ ವಿಷಯ ನಿರ್ವಾಹಕ ಕುರ್ಚಿಯಿಂದ ಎದ್ದು ಬೀರು ತೆಗೆಯಲೇಬೇಕು.

ಒಳಗಿನ ಕಷ್ಟವನ್ನೂ ಹೇಳಬೇಕು. ಎಷ್ಟೋ ಖಾಸಗಿ ಬಡಾವಣೆಗಳ ಅನುಮೋದಿತ ನಕ್ಷೆ ಸ್ಥಳೀಯ ಸಂಸ್ಥೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ರಸ್ತೆ, ಪಾರ್ಕುಗಳ ಹಕ್ಕನ್ನು ಬಿಟ್ಟುಕೊಟ್ಟ ಪತ್ರ ಎಲ್ಲೋ ಹಳೆಯ ಗಂಟಿನಲ್ಲಿರುತ್ತದೆ. ಒಬ್ಬ ಕಿರಿಯ ಎಂಜಿನಿಯರ್ ಹಲವು ವಾರ್ಡುಗಳನ್ನು ನೋಡಿಕೊಳ್ಳಬೇಕು. ಆದ್ದರಿಂದ ನಕ್ಷೆಯ ಪ್ರತಿಯನ್ನು ನೀವೇ ಸಂಪಾದಿಸಿ ಮನವಿಗೆ ಲಗತ್ತಿಸಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಟಪಾಲು ಕಿಟಕಿ ಬಿಟ್ಟು ಬರಬೇಡಿ. ಮರ ಕಡಿಯುವ ವಿಷಯವಾದರೆ ಅರ್ಜಿಯನ್ನು ವೃಕ್ಷ ಅಧಿಕಾರಿಗೇ ಕೊಡಿ, 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ತೀರ್ಮಾನ ಅವರದು.

ಬಂದ ಹಿಂಬರಹವನ್ನು ಸಿಟ್ಟಿನಿಂದ ಹರಿದು ಹಾಕಬೇಡಿ. ನಿಮ್ಮ ಆಕ್ಷೇಪಣೆ ಇಂಥ ದಿನ ಕಚೇರಿಗೆ ಗೊತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಅದರ ಕ್ರಮಸಂಖ್ಯೆ, ದಿನಾಂಕವನ್ನು ಮುಂದಿನ ಪತ್ರದ ‘ಉಲ್ಲೇಖ’ದಲ್ಲಿ ಬರೆದು, ಉಳಿದ ಪ್ರಶ್ನೆಗಳಿಗೆ ಉತ್ತರ ಕೇಳಿ. ಎರಡನೆಯ ಪತ್ರ ಬಂದ ಕಡತವನ್ನು ಮುಚ್ಚಲು ನನ್ನಂಥವರ ಕೈ ಹಿಂಜರಿಯುತ್ತದೆ.

ನಿಮ್ಮ ಸಂಘದ ಕಾರ್ಯದರ್ಶಿಗಳು ಕೆರೆದಂಡೆಯ ಪಾರ್ಕಿನ ಮನವಿಯ ಕರಡನ್ನು ಬೆಳಿಗ್ಗೆ ನನ್ನ ಕೈಗೆ ಕೊಟ್ಟರು. ಎರಡು ಪುಟ ಚೆನ್ನಾಗಿದೆ. ಆದರೆ ಸರ್ವೆ ನಂಬರ್ ಬರೆಯುವ ಕಡೆ ಖಾಲಿ ಬಿಟ್ಟಿದ್ದೀರಿ. ನಕ್ಷೆ ಯಾರ ಹತ್ತಿರವಿದೆಯೋ ಅವರು ದಯವಿಟ್ಟು ಮುಂದೆ ಬನ್ನಿ, ಅದನ್ನು ತುಂಬಿಸಿಯೇ ಚಹಾಕ್ಕೆ ಏಳೋಣ.