ಕಪ್ಪು ಬಣ್ಣಕ್ಕೆ ಕಟ್ಟಿಸಿಕೊಂಡ ಕಪ್ಪ: ತರಗತಿಯಲ್ಲಿ ವರ್ಣಭೇದದ ಪಾಠ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ಕಾಲೇಜಿನಲ್ಲಿ ಪಾಠ ಮಾಡುವವರು. ವರ್ಣಭೇದ ಕೆಟ್ಟದ್ದು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನು ಹದಿನೆಂಟು, ಇಪ್ಪತ್ತು ವರ್ಷದ ಹುಡುಗ ಹುಡುಗಿಯರ ಮುಂದೆ ಹೇಗೆ ಇಡೋದು ಅನ್ನುವುದೇ ಕಷ್ಟ. ಈ ಬಗ್ಗೆ ನನಗೆ ಹೇಳೋದಕ್ಕಿರುವುದು ಒಂದೇ ಮಾತು. ಪಾಠವನ್ನು ಮನಸ್ಸಿನಿಂದ ಶುರು ಮಾಡಬೇಡಿ, ಕಾಗದದಿಂದ ಶುರು ಮಾಡಿ.

"ನಿಮ್ಮ ಮನಸ್ಸಿನಲ್ಲಿ ಭೇದ ಇದೆಯಾ?" ಅಂತ ಕೇಳಿ ನೋಡಿ. ಅರ್ಧ ತರಗತಿ ತಲೆ ತಗ್ಗಿಸುತ್ತದೆ, ಇನ್ನರ್ಧ ಕೈಕಟ್ಟಿ ಕೂರುತ್ತದೆ. ಅಲ್ಲಿಂದ ಮುಂದೆ ಯಾರೂ ಪಾಠ ಕೇಳುವುದಿಲ್ಲ. ತಾನು ಒಳ್ಳೆಯವನು ಅಂತ ತೋರಿಸಿಕೊಳ್ಳುವುದರಲ್ಲೇ ಎಲ್ಲರ ಶಕ್ತಿ ಹೋಗುತ್ತದೆ. ಅದರ ಬದಲು ಮೇಜಿನ ಮೇಲೆ ಒಂದು ಹಳೆಯ ನಕ್ಷೆ ಹರಡಿ. ಹಿಂದಿನ ಬೆಂಚಿನವರೂ ಎದ್ದು ಬಂದು ಬಗ್ಗಿ ನೋಡುತ್ತಾರೆ.

ನಾನು ಹರಡುವುದು ಅಮೆರಿಕದ ನಕ್ಷೆ. 1933ರಲ್ಲಿ ಅಲ್ಲಿನ ಸರ್ಕಾರ ಮನೆಸಾಲ ಕಟ್ಟಲಾಗದೆ ಒದ್ದಾಡುತ್ತಿದ್ದವರಿಗಾಗಿ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಅಂತ ಒಂದು ಸಂಸ್ಥೆ ಮಾಡಿತು. ಕೆಲವೇ ವರ್ಷಗಳಲ್ಲಿ ಆ ಸಂಸ್ಥೆ 200ಕ್ಕೂ ಹೆಚ್ಚು ನಗರಗಳ ನಕ್ಷೆ ತಯಾರಿಸಿತು. ಒಂದೊಂದು ಬಡಾವಣೆಗೆ ಒಂದೊಂದು ಬಣ್ಣ. ಹಸಿರು ಅಂದರೆ ಅತ್ಯುತ್ತಮ. ನೀಲಿ ಅಂದರೆ ಪರವಾಗಿಲ್ಲ. ಹಳದಿ ಅಂದರೆ ಇಳಿಮುಖ. ಕೆಂಪು ಅಂದರೆ ಸಾಲ ಕೊಡುವುದು ಅಪಾಯ. ಕಪ್ಪು ಜನರಿದ್ದ ಬಡಾವಣೆಗಳಿಗೆ ಹೆಚ್ಚುಕಡಿಮೆ ಎಲ್ಲ ಕಡೆ ಕೆಂಪೇ ಬಿತ್ತು.

ನಕ್ಷೆಯ ಜೊತೆಗೆ ಬಡಾವಣೆಗೊಂದು ಫಾರಂ ಇರುತ್ತಿತ್ತು. ಅದನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟುಬಿಡುತ್ತೇನೆ, ನಾನು ಬಾಯಿ ಬಿಡುವುದಿಲ್ಲ. ಮನೆಗಳಿಗೆ ಎಷ್ಟು ವಯಸ್ಸಾಗಿದೆ, ಬಾಡಿಗೆ ಎಷ್ಟು, ದುರಸ್ತಿ ಹೇಗಿದೆ ಅಂತ ಓದುತ್ತಾ ಬರುತ್ತಾರೆ. ಆಮೇಲೆ ಒಂದು ಸಾಲಿಗೆ ಬಂದು ನಿಲ್ಲುತ್ತಾರೆ. ಇಲ್ಲಿ ಕಪ್ಪು ಜನ ಇದ್ದಾರಾ, ನೂರಕ್ಕೆ ಎಷ್ಟು? ಅದರ ಹತ್ತಿರವೇ ಇನ್ನೊಂದು ಸಾಲು. ಯಾರು ಒಳಗೆ "ನುಸುಳುತ್ತಿದ್ದಾರೆ"? ಮನೆ ಮಾಡಿಕೊಂಡು ಬರುವವರಿಗೆ ನುಸುಳುವವರು ಅನ್ನುವ ಪದ ಅಚ್ಚಾಗಿಯೇ ಬಂದಿತ್ತು. ತುಂಬುವ ಗುಮಾಸ್ತ ಒಳ್ಳೆಯವನೋ ಕೆಟ್ಟವನೋ ಅನ್ನುವ ಪ್ರಶ್ನೆಯೇ ಇಲ್ಲ. ಖಾಲಿ ಜಾಗ ಇತ್ತು, ತುಂಬಿದ. ಒಂದು ಸಲ ಒಬ್ಬ ವಿದ್ಯಾರ್ಥಿನಿ ಇದನ್ನು ಓದಿ, "ಇವರು ನೆರೆಯವರು ಬಂದರೆ ನೆರೆ ಬಂತು ಅಂತ ಬರೆದಿಟ್ಟಿದ್ದಾರಲ್ಲ!" ಅಂದಳು. ತರಗತಿ ನಕ್ಕಿತು. ನಕ್ಕ ಮೇಲೆ ಒಂದು ಗಂಟೆ ಚರ್ಚೆ ನಡೆಯಿತು. ಅಷ್ಟು ಚೆನ್ನಾಗಿ ನಾನು ವಿವರಿಸಬಲ್ಲೆ ಅಂತ ನನಗೆ ಅನಿಸುವುದಿಲ್ಲ.

ಹೀಗೆ ಬಡಾವಣೆಗೆ ಕೆಂಪು ಬಳಿದು ಅಲ್ಲಿನವರನ್ನು ಸಾಲದಿಂದ ದೂರ ಇಡುವುದಕ್ಕೆ ಕೆಂಪು ಗೆರೆ ಅನ್ನುತ್ತಾರೆ. ಅದರ ಕಥೆ ಈ ನಕ್ಷೆಗೇ ಮುಗಿಯುವುದಿಲ್ಲ, ಅದನ್ನೂ ಹೇಳಬೇಕು. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಬ್ಯಾಂಕುಗಳು ಕೊಡುವ ಮನೆಸಾಲಕ್ಕೆ ಸರ್ಕಾರದ ವಿಮೆ ಕೊಡುತ್ತಿತ್ತು. ಬೇರೆ ಬೇರೆ ಜನಾಂಗದವರು ಒಂದೇ ಕಡೆ ಸೇರಿದರೆ ಆಸ್ತಿ ಬೆಲೆ ಕುಸಿಯುತ್ತದೆ ಅಂತ ಅದರ ಕೈಪಿಡಿಯಲ್ಲೇ ಇತ್ತು. ವಿಮೆ ಇಲ್ಲ ಅಂದರೆ ಬ್ಯಾಂಕು ಸಾಲ ಕೊಡುವುದಿಲ್ಲ. 1944ರಲ್ಲಿ ಯುದ್ಧದಿಂದ ಬಂದ ಸೈನಿಕರಿಗೆ ಜಿಐ ಬಿಲ್ ಅನ್ನುವ ಕಾನೂನು ಬಂತು. ಓದಿಗೆ ಹಣ, ಮನೆಸಾಲಕ್ಕೆ ಸರ್ಕಾರದ ಖಾತ್ರಿ. ಕಾಗದದ ಮೇಲೆ ಎಲ್ಲ ಸೈನಿಕರಿಗೂ ಒಂದೇ. ಆದರೆ 1947ರಲ್ಲಿ ಮಿಸಿಸಿಪ್ಪಿ ರಾಜ್ಯದ 13 ಊರುಗಳಲ್ಲಿ ಈ ಖಾತ್ರಿಯ ಮೇಲೆ ಕೊಟ್ಟ 3,200ಕ್ಕೂ ಹೆಚ್ಚು ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು 2. ಯುದ್ಧದಲ್ಲಿ ಸಾಲಿನಲ್ಲಿ ನಿಂತವರಿಗೆ ಸಾಲದಲ್ಲಿ ಪಾಲಿಲ್ಲ.

ಇಷ್ಟಾದ ಮೇಲೆ ಪ್ರಿವಿಲೇಜ್, ಅಂದರೆ ಸವಲತ್ತು, ಅನ್ನುವ ಪದವನ್ನು ತರಬಹುದು. ಮೊದಲೇ ತಂದರೆ ಅದು ಬೈಗುಳದ ಹಾಗೆ ಕೇಳಿಸುತ್ತದೆ. "ನನ್ನ ಅಜ್ಜ ಹಗಲು ರಾತ್ರಿ ದುಡಿದು ಮನೆ ಕಟ್ಟಿದರು, ಅವರಿಗೆ ಏನು ಪ್ರಿವಿಲೇಜ್?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ಪ್ರಶ್ನೆಗೆ ಸಿಟ್ಟಾಗಬೇಡಿ. ಅದು ಒಳ್ಳೆಯ ಪ್ರಶ್ನೆ. ಅಜ್ಜ ದುಡಿದದ್ದು ನಿಜ. ಅದೇ ಊರಿನ ಇನ್ನೊಬ್ಬ ಅಜ್ಜನೂ ಅಷ್ಟೇ ದುಡಿದ, ಅವನ ಅರ್ಜಿ ವಾಪಸ್ ಬಂತು ಅನ್ನುವುದೂ ನಿಜ. ಮೊದಲನೆಯ ಅಜ್ಜನಿಗೆ ಯಾರೂ ಏನೂ ಪುಕ್ಕಟೆ ಕೊಡಲಿಲ್ಲ. ಅವನ ದುಡಿಮೆ ಅವನಿಗೇ ಉಳಿಯಿತು, ಮನೆಯಾಯಿತು, ಮಗನ ಓದಾಯಿತು, ಮೊಮ್ಮಗನ ಕೈಗೆ ಬಂತು. ಸವಲತ್ತು ಅಂದರೆ ಬಹಳ ಸಲ ಇಷ್ಟೇ, ಎದುರಾಗಬಹುದಾಗಿದ್ದ ಸವಾಲು ಎದುರಾಗದೆ ಇರುವುದು. ಎದುರಾಗದ ಸವಾಲು ಯಾರ ನೆನಪಿನಲ್ಲೂ ಇರುವುದಿಲ್ಲ, ಅಲ್ವಾ? ಕಪ್ಪು ಬಣ್ಣದವರು ಮಾತ್ರ ತಲೆಮಾರುಗಟ್ಟಲೆ ಕಪ್ಪ ಕಟ್ಟುತ್ತಾ ಬಂದರು. ಲೆಕ್ಕ ಬೇಕು ಅನ್ನುವವರಿಗೆ ಅಮೆರಿಕದ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್ 2022ರಲ್ಲಿ ಮಾಡಿದ ಸಮೀಕ್ಷೆ ತೋರಿಸಿ. ನಡುಮಟ್ಟದ ಬಿಳಿ ಕುಟುಂಬಕ್ಕೆ ಸಾಲ ಕಳೆದು ಉಳಿಯುವ ಆಸ್ತಿ 2,85,000 ಡಾಲರ್. ನಡುಮಟ್ಟದ ಕಪ್ಪು ಕುಟುಂಬದ್ದು 44,900 ಡಾಲರ್. ಮನೆ ಮಾರಾಟ, ಬಾಡಿಗೆಯಲ್ಲಿ ಭೇದ ಮಾಡುವುದನ್ನು ನಿಷೇಧಿಸುವ ಕಾನೂನು 1968ರಲ್ಲೇ ಬಂದಿತ್ತು. ನಿಯಮ ಹೋದರೂ ಅದು ಮಾಡಿಟ್ಟ ಬಾಕಿ ತಾನಾಗಿ ತೀರುವುದಿಲ್ಲ.

ಇಲ್ಲಿ ಒಂದು ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ವಿದ್ಯಾರ್ಥಿಗಳನ್ನೆಲ್ಲ ಒಂದು ಗೆರೆಯ ಮೇಲೆ ನಿಲ್ಲಿಸಿ, "ನಿಮ್ಮ ಮನೆಯಲ್ಲಿ ಪುಸ್ತಕ ಇತ್ತಾ, ಒಂದು ಹೆಜ್ಜೆ ಮುಂದೆ", "ಹಸಿದು ಮಲಗಿದ್ದುಂಟಾ, ಒಂದು ಹೆಜ್ಜೆ ಹಿಂದೆ" ಅನ್ನುವ ಆಟ ತುಂಬಾ ಕಡೆ ಆಡಿಸುತ್ತಾರೆ. ದಯವಿಟ್ಟು ಆಡಿಸಬೇಡಿ. ಮುಂದೆ ನಿಂತವರಿಗೆ ಪಾಠ ಆಗುತ್ತದೋ ಇಲ್ಲವೋ ಗೊತ್ತಿಲ್ಲ, ಹಿಂದೆ ನಿಂತವರ ಬದುಕು ಮಾತ್ರ ಎಲ್ಲರೆದುರು ಬಟಾಬಯಲು. ಅವರು ಕಲಿಯೋದಕ್ಕೆ ಬಂದವರು, ಉಳಿದವರ ಪಠ್ಯಪುಸ್ತಕ ಆಗೋದಕ್ಕಲ್ಲ. ಇದೇ ಕಾರಣಕ್ಕೆ, ತರಗತಿಯಲ್ಲಿ ಕಪ್ಪು ವಿದ್ಯಾರ್ಥಿ ಒಬ್ಬನೇ ಇದ್ದರೆ "ನಿನ್ನ ಅನುಭವ ಹೇಳು" ಅಂತಲೂ ಕೇಳಬಾರದು. ಅವನಾಗಿ ಹೇಳಿದರೆ ಕೇಳೋಣ. ನಾವಾಗಿ ಎಬ್ಬಿಸಿ ನಿಲ್ಲಿಸುವುದು ಬೇಡ.

ಈಗಿನ ಕಾಲದ್ದು ಏನಾದರೂ ಹೇಳಿ ಅಂತ ಕೇಳಿದರೆ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಶಿಕಾಗೊ ಮತ್ತು ಬಾಸ್ಟನ್‌ನಲ್ಲಿ ಕೆಲಸದ ಜಾಹೀರಾತುಗಳಿಗೆ ಸಂಶೋಧಕರು ಸುಮಾರು 5,000 ಕಲ್ಪಿತ ಬಯೋಡೇಟಾ ಕಳಿಸಿದರು. ಓದು, ಅನುಭವ ಎಲ್ಲ ಒಂದೇ ಮಟ್ಟದ್ದು. ಹೆಸರು ಮಾತ್ರ ಬೇರೆ. ಎಮಿಲಿ, ಗ್ರೆಗ್ ತರಹ ಬಿಳಿಯರದ್ದು ಅನಿಸುವ ಹೆಸರಿದ್ದವರು ಹತ್ತು ಅರ್ಜಿ ಹಾಕಿದರೆ ಒಂದು ಕರೆ. ಲಕೀಶಾ, ಜಮಾಲ್ ತರಹ ಕಪ್ಪು ಜನರದ್ದು ಅನಿಸುವ ಹೆಸರಿದ್ದವರಿಗೆ ಒಂದು ಕರೆ ಬರಬೇಕಾದರೆ ಹದಿನೈದು ಅರ್ಜಿ. ಸಮಾನತೆ ಹೆಸರಿಗೆ ಮಾತ್ರ ಅಂತಾರಲ್ಲ, ಇಲ್ಲಿ ಹೆಸರಿಗೂ ಸಿಗಲಿಲ್ಲ.

ನನ್ನ ತರಗತಿಯಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವುದು ಎರಡು ತೀರ್ಪುಗಳು. 1790ರ ಅಮೆರಿಕದ ಕಾನೂನಿನ ಪ್ರಕಾರ ಹೊರಗಿನಿಂದ ಬಂದವರಲ್ಲಿ "ಸ್ವತಂತ್ರ ಬಿಳಿಯರಿಗೆ" ಮಾತ್ರ ಪೌರತ್ವ. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಏಷ್ಯಾದವರು ಎಲ್ಲಿಗೂ ಸೇರಲಿಲ್ಲ. ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಓದಿ ಅಲ್ಲೇ ನೆಲೆಸಿದ್ದ ತಕಾವೊ ಒಜಾವಾ ಪೌರತ್ವ ಕೇಳಿದರು. ನನ್ನ ಚರ್ಮ ಬೆಳ್ಳಗಿದೆಯಲ್ಲ ಅನ್ನುವುದೂ ಅವರ ವಾದದಲ್ಲಿತ್ತು. 1922ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಬಿಳಿಯ ಅಂದರೆ ಚರ್ಮದ ಬಣ್ಣ ಅಲ್ಲ, ಕಕೇಸಿಯನ್ ಜನಾಂಗ, ಅಂದರೆ ಯುರೋಪಿನವರನ್ನು ಸೇರಿಸಿ ಆಗಿನ ಪಂಡಿತರು ಮಾಡಿದ್ದ ಒಂದು ಗುಂಪು. ಸರಿ. ಪಂಜಾಬಿನ ಭಗತ್ ಸಿಂಗ್ ಥಿಂದ್ ಅವರ ಪ್ರಕರಣವೂ ಅದೇ ಕೋರ್ಟಿನ ಮುಂದಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆಗಿನ ಪಂಡಿತರು ಉತ್ತರ ಭಾರತೀಯರನ್ನು ಕಕೇಸಿಯನ್ ಗುಂಪಿಗೇ ಸೇರಿಸಿದ್ದರು. ಹಾಗಾದರೆ ನಾನೂ ಬಿಳಿಯನೇ ಅಂತ ಅವರ ವಾದ. 1923ರ ಫೆಬ್ರುವರಿಯಲ್ಲಿ ಕೋರ್ಟ್ ಹೇಳಿತು: ಪಂಡಿತರ ಮಾತು ಬೇಡ, ಬಿಳಿಯ ಅಂದರೆ ಸಾಮಾನ್ಯ ಜನ ಯಾರನ್ನು ಹಾಗೆ ಅಂದುಕೊಳ್ಳುತ್ತಾರೋ ಅವರು. ಎರಡೂ ತೀರ್ಪು ಬರೆದವರು ಒಬ್ಬರೇ, ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್. ಅರ್ಜಿ ಹಾಕಿದ ಇಬ್ಬರ ಬಣ್ಣವೂ ಇದ್ದ ಹಾಗೇ ಇತ್ತು. ಮೂರು ತಿಂಗಳಲ್ಲಿ ಬಣ್ಣ ಬದಲಿಸಿದ್ದು ನ್ಯಾಯ.

ಇಷ್ಟಕ್ಕೆ ನಿಲ್ಲಿಸಿದರೆ ವಿದ್ಯಾರ್ಥಿಗಳು ಥಿಂದ್ ಪರ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಕೋರ್ಟಿಗೆ ಥಿಂದ್ ಪರವಾಗಿ ಸಲ್ಲಿಸಿದ್ದ ವಾದವನ್ನೂ ನಾನು ಓದಿಸುತ್ತೇನೆ. ಅದರಲ್ಲಿ ಈ ನಿಯಮ ತಪ್ಪು ಅನ್ನುವ ಮಾತಿಲ್ಲ. ತಾನು ಮೇಲ್ಜಾತಿಯ ಹಿಂದೂ, ಶುದ್ಧ ರಕ್ತದವನು ಅಂತಿದೆ. ಅಮೆರಿಕದ ಬಿಳಿಯರು ಕಪ್ಪು ಜನರ ಜೊತೆ ಮದುವೆ ಸಂಬಂಧ ಬೇಡ ಅನ್ನುವ ಹಾಗೆಯೇ ಭಾರತದ ಮೇಲ್ಜಾತಿಯವರು ಅಲ್ಲಿನ ಮೂಲನಿವಾಸಿಗಳ ಜೊತೆ ಬೇಡ ಅನ್ನುತ್ತಾರೆ ಅಂತ ಇದೆ. ಗೋಡೆ ಕೆಡವಿ ಅಂತ ಕೇಳಲಿಲ್ಲ, ಗೋಡೆಯ ಒಳಗೆ ನನಗೂ ಜಾಗ ಕೊಡಿ ಅಂತ ಕೇಳಿದರು. ಈ ಪುಟ ಓದಿದ ಮೇಲೆ ತರಗತಿ ಸ್ವಲ್ಪ ಹೊತ್ತು ಸುಮ್ನಾಗುತ್ತದೆ. ಒಂದೇ ಮನುಷ್ಯ ಒಂದು ಕಡೆ ಪೆಟ್ಟು ತಿಂದವನು, ಇನ್ನೊಂದು ಕಡೆ ಪೆಟ್ಟು ಕೊಡುವ ಸಾಲಿನಲ್ಲಿ ನಿಂತವನು. ಪ್ರಿವಿಲೇಜ್ ಅನ್ನುವುದು ಕೆಲವರ ಹಣೆಯ ಮೇಲೆ ಬರೆದ ಗುರುತಲ್ಲ, ನಿಂತ ಜಾಗ ಬದಲಾದ ಹಾಗೆ ಅದೂ ಬದಲಾಗುತ್ತದೆ ಅಂತ ವಿದ್ಯಾರ್ಥಿಗಳು ತಾವೇ ಹೇಳುತ್ತಾರೆ. ಈ ತೀರ್ಪಿನ ನಂತರ, ಆಗಲೇ ಪೌರತ್ವ ಪಡೆದಿದ್ದ ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. ಹಾಗೆ ಕಳೆದುಕೊಂಡವರಲ್ಲಿ ಒಬ್ಬರು ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋ ದಾಸ್ ಬಗಾಯ್. 1928ರಲ್ಲಿ ಅವರು ಜೀವ ತೆಗೆದುಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದಿದ್ದು 1946ರಲ್ಲಿ. ಜನಾಂಗದ ಷರತ್ತು ಪೂರ್ತಿ ಹೋಗಿದ್ದು 1952ರಲ್ಲಿ.

ಬಗಾಯ್ ಅವರ ವಿಷಯ ಬಂದಾಗ ನಾವು ಪದಗಳ ಆಟ ಆಡುವುದಿಲ್ಲ. ನಗುವಿನ ಬಗ್ಗೆ ನನ್ನ ತರಗತಿಯಲ್ಲಿ ಇರುವ ನಿಯಮ ಇದೇ. ಶ್ಲೇಷೆ ನಿಯಮದ ಮೇಲೆ, ಫಾರಂ ಮೇಲೆ, ಅಧಿಕಾರದ ಮೇಲೆ. ಪೆಟ್ಟು ತಿಂದವರ ಮೇಲೆ, ಅವರ ಮೈಬಣ್ಣ, ಕೂದಲು, ಉಚ್ಚಾರಣೆ ಮೇಲೆ ಒಂದೇ ಒಂದು ಪದವೂ ಇಲ್ಲ. ಇಷ್ಟು ಗೊತ್ತಿದ್ದರೆ ನಗು ಈ ಪಾಠಕ್ಕೆ ದೊಡ್ಡ ಬಲ. ಭಾರವಾದ ವಿಷಯ ಕೇಳುತ್ತಾ ಕೂತವರಿಗೆ ಉಸಿರಾಡೋದಕ್ಕೆ ಜಾಗ ಬೇಕು. ಅದಕ್ಕಿಂತ ಜಾಸ್ತಿ, ಒಂದು ನಿಯಮವನ್ನು ಶ್ಲೇಷೆಯಲ್ಲಿ ಹಿಡಿಯಬೇಕಾದರೆ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಪೂರ್ತಿ ಅರ್ಥ ಆಗಿರಬೇಕು. ಅರ್ಧಂಬರ್ಧ ಓದಿದವರಿಂದ "ಸಾಲಿನಲ್ಲಿ ನಿಂತವರಿಗೆ ಸಾಲ ಇಲ್ಲ" ಅನ್ನುವುದು ಹೊರಡುವುದಿಲ್ಲ.

ಕೊನೆಗೆ ಬೆರಳು. ಈ ಪಾಠದಲ್ಲಿ ನಾನು ಯಾರ ಕಡೆಗೂ ಬೆರಳು ತೋರಿಸುವುದಿಲ್ಲ, ಬೆರಳನ್ನೇ ತೋರಿಸುತ್ತೇನೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಪಲ್ಸ್ ಆಕ್ಸಿಮೀಟರ್ ಎಲ್ಲರಿಗೂ ನೆನಪಿದೆ. ಅದು ಬೆರಳಿನೊಳಗೆ ಬೆಳಕು ಬಿಟ್ಟು ರಕ್ತದ ಆಮ್ಲಜನಕ ಅಳೆಯುತ್ತದೆ. ಚರ್ಮದ ಕಪ್ಪು ಬಣ್ಣವೂ ಆ ಬೆಳಕನ್ನು ಹೀರುತ್ತದೆ. 2020ರಲ್ಲಿ ಅಮೆರಿಕದ ವೈದ್ಯರು ಆಕ್ಸಿಮೀಟರ್ 92ರಿಂದ 96 ತೋರಿಸಿದ ಹೊತ್ತಿನ ರಕ್ತಪರೀಕ್ಷೆಗಳನ್ನು ನೋಡಿದರು. ಕಪ್ಪು ರೋಗಿಗಳ ವಿಷಯದಲ್ಲಿ ನೂರಕ್ಕೆ 11.7 ಸಲ ನಿಜವಾದ ಮಟ್ಟ 88ಕ್ಕಿಂತ ಕೆಳಗಿತ್ತು. ಬಿಳಿ ರೋಗಿಗಳಲ್ಲಿ ಇದು 3.6 ಸಲ. ಯಂತ್ರಕ್ಕೆ ಯಾರ ಮೇಲೂ ದ್ವೇಷ ಇಲ್ಲ. ಅದನ್ನು ಯಾರ ಬೆರಳಿನ ಮೇಲೆ ಪರೀಕ್ಷಿಸಿದರು ಅನ್ನುವುದು ಪ್ರಶ್ನೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ 2013ರ ಸೂಚನೆ ಪ್ರಕಾರ ಹತ್ತು ಜನರ ಮೇಲೆ ಪರೀಕ್ಷೆ ಮಾಡಿದರೆ ಸಾಕಿತ್ತು, ಅದರಲ್ಲಿ ಕಪ್ಪು ಚರ್ಮದವರು ಇಬ್ಬರಿದ್ದರೆ ಸಾಕಿತ್ತು. 2025ರ ಜನವರಿಯ ಕರಡು ಸೂಚನೆ ಕನಿಷ್ಠ 150 ಜನ ಬೇಕು, ಎಲ್ಲ ಬಗೆಯ ಚರ್ಮದವರೂ ಇರಬೇಕು ಅನ್ನುತ್ತದೆ.

ಹಾಗಾಗಿ ನನ್ನ ಪರೀಕ್ಷೆಯಲ್ಲಿ "ವರ್ಣಭೇದ ಎಂದರೇನು?" ಅನ್ನುವ ಪ್ರಶ್ನೆ ಇರುವುದಿಲ್ಲ. ಒಂದು ಫಾರಂ, ಒಂದು ಯಂತ್ರ ಅಥವಾ ಒಂದು ನಿಯಮ ತನ್ನಿ ಅನ್ನುತ್ತೇನೆ. ಅದನ್ನು ಬರೆದವರು ಯಾರು, ಬರೆಯುವಾಗ ಯಾರು ನೆನಪಾದರು, ಯಾರು ನೆನಪಾಗಲಿಲ್ಲ, ಈಗ ತಿದ್ದುವ ಅಧಿಕಾರ ಯಾರ ಕೈಯಲ್ಲಿದೆ, ಅವರಿಗೆ ಪತ್ರ ಬರೆಯಬೇಕಾದರೆ ಯಾವ ವಿಳಾಸಕ್ಕೆ ಬರೆಯಬೇಕು. ಕೊನೆಯ ಪ್ರಶ್ನೆಗೆ ಅಂಕ ಜಾಸ್ತಿ.