ಕರುವಿನ ಕಣ್ಣಿನ ಸುತ್ತ ಬೂದು ಕಲೆ

ರೈತ ಬಾಂಧವರಿಗೂ, ಕೊಟ್ಟಿಗೆ ಕೆಲಸವನ್ನೆಲ್ಲಾ ಹೊತ್ತು ಮಾಡುವ ಅಕ್ಕ ತಂಗಿಯರಿಗೂ ನಮಸ್ಕಾರ.

ಮಳೆ ಹಿಡಿದ ದಿನಗಳಲ್ಲಿ, ಚಳಿಗಾಲದಲ್ಲಿ ಪಶು ಆಸ್ಪತ್ರೆಗೆ ಬರುವವರು ಹೇಳುವ ಮಾತು ಒಂದಿದೆ. "ಡಾಕ್ಟ್ರೇ, ಕರು ಓಡಾಡ್ಕೊಂಡಿದೆ, ಜ್ವರ ಏನಿಲ್ಲ. ಆದ್ರೆ ಕಣ್ಣಿನ ಸುತ್ತ ಕೂದಲು ಉದುರಿ ಬೆಳ್ಳಗಾಗಿದೆ." ಇದು ಸಾಮಾನ್ಯವಾಗಿ ಹುಳುಕಡ್ಡಿ. ಕೆಲವು ಕಡೆ ಗಜಕರ್ಣ ಅಂತಲೂ ಕರೆಯುತ್ತಾರೆ.

ಕರುವಿನ ತಲೆ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ. ಕಣ್ಣಿನ ಸುತ್ತ, ಕಿವಿಯ ಬುಡ, ಮೂತಿ, ಕುತ್ತಿಗೆ, ಇಲ್ಲೇ ಇದು ಜಾಸ್ತಿ. ರೂಪಾಯಿ ನಾಣ್ಯದಷ್ಟು ಗುಂಡಗೆ ಶುರುವಾಗಿ ಅಂಗೈ ಅಗಲಕ್ಕೂ ಹರಡಬಹುದು. ಮೇಲೆ ಬೂದಿ ಮೆತ್ತಿದ ಹಾಗೆ ದಪ್ಪ ಹೊಪ್ಪಳೆ ಕಟ್ಟಿರುತ್ತದೆ. ಅಂಚಿನ ಕೂದಲನ್ನು ಮೆಲ್ಲಗೆ ಎಳೆದರೂ ಕೈಗೆ ಬರುತ್ತದೆ. ಹೊಪ್ಪಳೆ ಎಬ್ಬಿಸಿದರೆ ಕೆಳಗೆ ಕೆಂಪಗೆ, ಹಸಿಹಸಿಯಾದ ಚರ್ಮ.

ಇದನ್ನು ತರುವುದು ಟ್ರೈಕೋಫೈಟಾನ್ ವೆರ್ರುಕೋಸಮ್ ಎಂಬ ಶಿಲೀಂಧ್ರ, ಅಂದರೆ ಒಂದು ಜಾತಿಯ ಬೂಷ್ಟು. ಕೂದಲು ಮತ್ತು ಚರ್ಮದ ಮೇಲ್ಪದರವೇ ಅದಕ್ಕೆ ಆಹಾರ. ದೇಹದ ಒಳಗೆ ಇಳಿಯುವುದಿಲ್ಲ. ನಡುವೆ ಚರ್ಮ ವಾಸಿಯಾಗುತ್ತಾ ಬಂದಾಗ ಬೂಷ್ಟು ಹೊರ ಅಂಚಿಗೆ ಸರಿಯುತ್ತದೆ. ಆ ಉಂಗುರದ ಆಕಾರ ಬರುವುದು ಹೀಗೆ.

ರಾಮನಗರ, ಕೋಲಾರದ ಕಡೆ ರೇಷ್ಮೆ ಸಾಕುವವರಿಗೆ ಸುಣ್ಣಕಟ್ಟು ರೋಗ ಗೊತ್ತಲ್ವಾ? ಹುಳು ಸತ್ತು ಸೆಟೆದು ಬೆಳ್ಳಗಾಗುವುದು. ಅದಕ್ಕೂ ಬೂಷ್ಟೇ ಕಾರಣ ಎಂದು ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲಿ ತೋರಿಸಿಕೊಟ್ಟರು. ಅದಾದ ಕೆಲವೇ ವರ್ಷಗಳಲ್ಲಿ ಮನುಷ್ಯರ ತಲೆಯ ಚರ್ಮರೋಗಕ್ಕೂ ಬೂಷ್ಟು ಕಾರಣ ಎಂದು ವೈದ್ಯರು ಕಂಡುಕೊಂಡರು. ತೇವ, ಗಾಳಿಯಾಡದ ಜಾಗ, ಇಕ್ಕಟ್ಟು ಎಂದರೆ ಬೂಷ್ಟಿಗೆ ಹಬ್ಬ. ರೇಷ್ಮೆ ಮನೆಯಲ್ಲಿ ನೀವು ಇಷ್ಟೊಂದು ಎಚ್ಚರ ವಹಿಸುತ್ತೀರಿ. ಕರು ಕಟ್ಟುವ ಮೂಲೆಗೂ ಅಷ್ಟೇ ಎಚ್ಚರ ಬೇಕು.

ಕರುಗಳಿಗೇ ಯಾಕೆ? ಈ ಬೂಷ್ಟಿನ ಪರಿಚಯ ಅವುಗಳ ಮೈಗೆ ಇನ್ನೂ ಆಗಿರುವುದಿಲ್ಲ. ಒಮ್ಮೆ ಬಂದು ವಾಸಿಯಾದ ಮೇಲೆ ಮತ್ತೆ ಬರುವುದು ಕಮ್ಮಿ. ಹೊಟ್ಟೆಗೆ ಸಾಲದ ಕರುಗಳಲ್ಲಿ, ಜಂತುಹುಳು ತುಂಬಿದ ಕರುಗಳಲ್ಲಿ ಇದು ಜೋರಾಗಿಯೇ ಹಿಡಿಯುತ್ತದೆ. ಇಲ್ಲಿ ನನಗೆ ತುಂಬಾ ನೋವಾಗುವ ವಿಷಯ ಒಂದಿದೆ. ಡೇರಿಗೆ ಹಾಲು ಹಾಕುವ ಭರದಲ್ಲಿ ಕರುವಿನ ಪಾಲು ಕಡಿಮೆಯಾಗುತ್ತದೆ. ಅದರಲ್ಲೂ ಗಂಡು ಕರುವಾದರೆ ಕತ್ತಲ ಮೂಲೆಗೆ ಕಟ್ಟಿ ಮರೆತುಬಿಡುತ್ತೇವೆ. ಹುಟ್ಟಿದ ತಕ್ಷಣ ಗಿಣ್ಣು ಹಾಲು ಕುಡಿಸಿ. ಆಮೇಲೆ ಮೊದಲ ವಾರಗಳಲ್ಲಿ ದಿನಕ್ಕೆ ಅದರ ತೂಕದ ಹತ್ತನೇ ಒಂದು ಪಾಲಿನಷ್ಟು ಹಾಲಾದರೂ ಸಿಗಲಿ. 25 ಕೆಜಿ ತೂಗುವ ಕರುವಿಗೆ ಎರಡೂವರೆ ಲೀಟರ್. ಗಂಡಾಗಲಿ ಹೆಣ್ಣಾಗಲಿ, ಅದು ಅದರ ಹಕ್ಕು.

ಈಗ ಔಷಧಿ. ಮೊದಲು ಮಾಡಬಾರದ್ದನ್ನು ಹೇಳುತ್ತೇನೆ. ಗ್ಯಾರೇಜಿನಿಂದ ತಂದ ಸುಟ್ಟ ಎಂಜಿನ್ ಆಯಿಲ್ ಹಚ್ಚಬೇಡಿ. ಕರು ಮೈ ನೆಕ್ಕುತ್ತದೆ, ತಾಯಿ ಕರುವನ್ನು ನೆಕ್ಕುತ್ತದೆ. ಹಳೇ ಆಯಿಲ್‌ನಲ್ಲಿ ಸೀಸ ಇರಬಹುದು. ಸೀಸದ ವಿಷ ಏರಿದರೆ ಕರುವಿಗೆ ಕಣ್ಣು ಕಾಣದ ಹಾಗಾಗಿ, ನಡುಕ ಬಂದು, ಪ್ರಾಣವೇ ಹೋಗಬಹುದು. ಹುಳುಕಡ್ಡಿಯಿಂದ ಕರು ಸಾಯುವುದಿಲ್ಲ. ಒಂದರಿಂದ ನಾಲ್ಕು ತಿಂಗಳಲ್ಲಿ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ. ವಾಸಿಯಾಗುವ ಕಾಯಿಲೆಗೆ ವಿಷ ಹಚ್ಚಿ ಕರು ಕಳೆದುಕೊಳ್ಳುವುದು ಬೇಡ.

ತಾನಾಗಿಯೇ ವಾಸಿಯಾಗುವುದಾದರೆ ಔಷಧಿ ಯಾಕೆ ಅಂತೀರಾ? ಹರಡುವುದನ್ನು ತಡೆಯೋಕೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಹೊಪ್ಪಳೆಯನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಚೆನ್ನಾಗಿ ನೆನೆಸಿ, ಮೆದು ಬ್ರಷ್‌ನಿಂದ ಬಿಡಿಸಿ. ಒಣಗಿದ್ದನ್ನು ಕೆರೆಯಬೇಡಿ. ಬಿದ್ದ ಹೊಪ್ಪಳೆ, ಕೂದಲನ್ನು ಕಾಗದದಲ್ಲಿ ಹಿಡಿದು ಸುಟ್ಟುಬಿಡಿ. ನೆಲದ ಮೇಲೆ ಬಿಟ್ಟರೆ ಬೂಷ್ಟಿನ ಬೀಜ ಬಿತ್ತಿದ ಹಾಗೆಯೇ. ಆಮೇಲೆ ಪಶುವೈದ್ಯರು ಕೊಟ್ಟ ಪೊವಿಡೋನ್ ಅಯೋಡಿನ್ ದ್ರಾವಣವನ್ನೋ ಮುಲಾಮನ್ನೋ ಹಚ್ಚಿ. ಕಲೆಯ ಮೇಲಷ್ಟೇ ಹಚ್ಚಿದರೆ ಸಾಲದು, ಸುತ್ತಲ ಒಳ್ಳೆ ಚರ್ಮಕ್ಕೂ ಒಂದು ಬೆರಳಗಲ ತಾಗಬೇಕು. ಕಣ್ಣಿನ ಹತ್ತಿರ ಯಾವುದನ್ನು ಹಚ್ಚಬಹುದು ಎಂದು ಅವರನ್ನೇ ಕೇಳಿ. ಹಚ್ಚಿದ್ದು ಒಣಗುವ ತನಕ ಕರುವನ್ನು ತಾಯಿಯಿಂದ ಬೇರೆ ಕಟ್ಟಿ.

ಎಲ್ಲ ಕಲೆಯೂ ಹುಳುಕಡ್ಡಿಯಲ್ಲ. ಕರು ಬಿಡದೆ ಕಂಬಕ್ಕೆ ಮೈ ತಿಕ್ಕುತ್ತಿದ್ದರೆ ಕಜ್ಜಿ ಇರಬಹುದು, ಹುಳುಕಡ್ಡಿಯಲ್ಲಿ ಅಷ್ಟು ತುರಿಕೆ ಇರುವುದಿಲ್ಲ. ಜ್ವರ ಬಂದು ಮೈತುಂಬಾ ಗಂಟು ಎದ್ದರೆ ಅದು ಚರ್ಮಗಂಟು ರೋಗ ಇರಬಹುದು, ತಡ ಮಾಡದೆ ತಿಳಿಸಿ. ಅನುಮಾನವಿದ್ದರೆ ವೈದ್ಯರು ಅಂಚಿನ ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಪಡೆಯಬಹುದು.

ಕರುವಿಗೆ ಔಷಧಿ ಹಚ್ಚಿ ಕೊಟ್ಟಿಗೆಯನ್ನು ಹಾಗೇ ಬಿಟ್ಟರೆ ಮಾತ್ರ ಪ್ರಯೋಜನವಿಲ್ಲ. ಮುಂದಿನ ಸಲ ಹುಟ್ಟುವ ಕರುವಿಗೂ ಬರುತ್ತದೆ. ಉದುರಿದ ಹೊಪ್ಪಳೆಯಲ್ಲಿ ಬೂಷ್ಟಿನ ಕಣಗಳು ವರ್ಷಗಟ್ಟಲೆ ಬದುಕಿರುತ್ತವೆ. ಕಂಬದ ಬಿರುಕು, ಗೋದಲಿಯ ಅಂಚು, ಹಗ್ಗ, ಮೈ ಉಜ್ಜುವ ಬ್ರಷ್, ಎಲ್ಲೆಲ್ಲೂ ಕೂತಿರುತ್ತವೆ. ಸಗಣಿ ಮೆತ್ತಿದ ಮೇಲೆ ಯಾವ ಔಷಧಿ ಸುರಿದರೂ ಸುಮ್ನೆ ದಂಡ. ಮೊದಲು ವಾಷಿಂಗ್ ಸೋಡಾ ಕಲಸಿದ ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ. ದನಕರುಗಳನ್ನು ಹೊರಗೆ ಕಟ್ಟಿ, ಬ್ಲೀಚಿಂಗ್ ಪುಡಿಯ ನೀರು ಹಾಕಿ. ಒಣಗಿದ ಮೇಲೆ ಗೋಡೆಗೆ ಸುಣ್ಣ ಬಳಿಯಿರಿ. ಹಳೇ ಹಗ್ಗ ಸುಟ್ಟು ಹೊಸದು ಹಾಕಿ. ಸಾಧ್ಯವಿದ್ದರೆ ಬಿಸಿಲು ಬೀಳುವ ಕಡೆ ಒಂದು ಹೆಂಚು ತೆಗೆದು ಗಾಜಿನ ಹೆಂಚು ಕೂರಿಸಿ. ಸಂತೆಯಿಂದ ತಂದ ಕರುವನ್ನು ಒಂದು ತಿಂಗಳು ಬೇರೆ ಕಟ್ಟಿ, ಯಾಕೆಂದರೆ ಸೋಂಕು ತಗುಲಿ ಕಲೆ ಕಾಣಿಸಲು ಒಂದರಿಂದ ನಾಲ್ಕು ವಾರ ಬೇಕು.

ಕೊನೆಯದಾಗಿ ಮಕ್ಕಳ ವಿಷಯ. ಈ ರೋಗ ಕರುವಿನಿಂದ ಮನುಷ್ಯರಿಗೂ ಅಂಟುತ್ತದೆ. ಕರು ತಬ್ಬಿಕೊಳ್ಳುವ ಮಕ್ಕಳಿಗೆ ಮುಖ, ಕುತ್ತಿಗೆ, ತಲೆಯಲ್ಲಿ ಬರಬಹುದು. ಹಾಲು ಕರೆಯುವವರಿಗೆ ಮುಂಗೈಯಲ್ಲಿ ಬರಬಹುದು. ಕಲೆ ಇರುವ ಕರುವನ್ನು ವಾಸಿಯಾಗುವ ತನಕ ಮುದ್ದಿಸಬೇಡಿ ಎಂದು ಮಕ್ಕಳಿಗೆ ಪ್ರೀತಿಯಿಂದ ಹೇಳಿ. ಕರು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸಿ. ಉಂಗುರದಂಥ ಕಲೆ ಎದ್ದರೆ ಅಂಗಡಿಯಲ್ಲಿ ಕೇಳಿ ಟ್ಯೂಬ್ ತರಬೇಡಿ. ಕೆಲವು ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಸೇರಿರುತ್ತದೆ. ನಾಲ್ಕು ದಿನ ತುರಿಕೆ ನಿಂತ ಹಾಗೆ ಕಾಣುತ್ತದೆ, ಬೂಷ್ಟು ಇನ್ನೂ ಜಾಸ್ತಿ ಹರಡುತ್ತದೆ. ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೋದಾಗ, ಮನೆಯ ಕರುವಿಗೂ ಇದೇ ಥರ ಆಗಿದೆ ಎಂದು ಮರೆಯದೆ ಹೇಳಿ.

ನಮಸ್ಕಾರ.